6 ವಾಟ್ ಮನುಷ್ಯನ 300 ವಾಟ್ ಆಂಪ್

ಅಂಗೈ ಮೇಲೆ ಕೂರುವ ಡಬ್ಬಿ. ಮುಂದೆ ಒಂದು ವಾಲ್ಯೂಮ್ ನಾಬ್, ಹಿಂದೆ ನಾಲ್ಕು ಸ್ಪೀಕರ್ ಟರ್ಮಿನಲ್, ಜೊತೆಗೆ ಲ್ಯಾಪ್‌ಟಾಪ್ ಚಾರ್ಜರ್ ಥರದ ಅಡಾಪ್ಟರ್. ರಟ್ಟಿನ ಪೆಟ್ಟಿಗೆ ಮೇಲೆ ಮಾತ್ರ ದಪ್ಪ ಅಕ್ಷರದಲ್ಲಿ "100 ವಾಟ್ + 100 ವಾಟ್". ನನ್ನ ಮೊದಲ ಪುಟ್ಟ ಸ್ಟೀರಿಯೊ ಆಂಪ್ (ಆಂಪ್ಲಿಫೈಯರ್, ಹಾಡಿನ ಸಿಗ್ನಲ್‌ಗೆ ಸ್ಪೀಕರ್ ನಡೆಸುವಷ್ಟು ಬಲ ಕೊಡುವ ಡಬ್ಬಿ) ಅದು. ಆಮೇಲೆ ಇನ್ನೂ ಎರಡು ಬಂದವು. ಎರಡನೆಯದನ್ನು ತಂದಿದ್ದು ಖಯಾಲಿಗೆ, ಮೂರನೆಯದನ್ನು ತಂದಿದ್ದು ಕಾರಣಕ್ಕೆ. "ಯಾವ ಆಂಪ್ ತಗೊಳ್ಳಲಿ?" ಅಂತ ಆಗಾಗ ಕೇಳುವವರಿಗೆಲ್ಲ ಒಟ್ಟಿಗೆ ಉತ್ತರ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಆ ವಾಟ್ ವಿಷಯ. ಒಂದು ದಿನ ಸುಮ್ನೆ ಅಡಾಪ್ಟರ್ ತಿರುಗಿಸಿ ನೋಡಿದೆ. 24 ವೋಲ್ಟ್, 3 ಆಂಪಿಯರ್. ಗುಣಿಸಿದರೆ 72 ವಾಟ್. ಒಳಗೆ ಹೋಗುವುದೇ 72 ಆದರೆ ಹೊರಗೆ 200 ಎಲ್ಲಿಂದ ಬರಬೇಕು? ಒಳಗಿನ ಕೆಪಾಸಿಟರ್‌ಗಳು ಕ್ಷಣ ಮಾತ್ರ ಸ್ವಲ್ಪ ಜಾಸ್ತಿ ಕೊಡಬಹುದು, ಅಷ್ಟೇ. ವೋಲ್ಟೇಜ್‌ಗೂ ಒಂದು ಮಿತಿ ಇದೆ. 24 ವೋಲ್ಟನ್ನು ಪೂರ್ತಿ ಬಳಸಿಕೊಂಡರೂ ಔಟ್‌ಪುಟ್‌ನಲ್ಲಿ ಸಿಗುವುದು ಸುಮಾರು 17 ವೋಲ್ಟ್ ಆರ್‌ಎಂಎಸ್ (ಏರಿಳಿಯುವ ಅಲೆಯ ಒಂಥರಾ ಸರಾಸರಿ). 8 ಓಮ್ ಸ್ಪೀಕರ್‌ಗೆ (ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ) ಅದು 36 ವಾಟ್. ಅದನ್ನು ದಾಟಿದರೆ ಅಲೆಯ ತಲೆ ಚಪ್ಪಟೆಯಾಗಿ ಸದ್ದು ಒಡೆಯುತ್ತದೆ. ಪೆಟ್ಟಿಗೆ ಮೇಲಿನ ದೊಡ್ಡ ಸಂಖ್ಯೆ ಹೆಚ್ಚಾಗಿ ಬರುವುದು ಹಾಗೆ ಒಡೆದ ಮೇಲೆಯೇ. 10% ಡಿಸ್ಟಾರ್ಷನ್‌ನಲ್ಲಿ, ಅಂದರೆ ಸದ್ದು ಅಷ್ಟು ವಿಕಾರವಾದ ಮೇಲೆ, ಅದೂ 4 ಓಮ್ ಅಥವಾ ಇನ್ನೂ ಕಡಿಮೆ ಲೋಡ್ ಹಾಕಿ ಅಳೆದಿರುತ್ತಾರೆ. ಇದು ಹೊಸ ಚಾಳಿ ಏನಲ್ಲ. ಆಂಪ್‌ನ ವಾಟ್ ಹೇಗೆ ಹೇಳಬೇಕು ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ನಿಯಮ ತರಬೇಕಾಯಿತು.

ಇಷ್ಟೆಲ್ಲ ಲೆಕ್ಕ ಗೊತ್ತಿದ್ದೂ ನಾನು "300 + 300" ಅಂತ ಬರೆದಿದ್ದ ಎರಡನೆಯ ಆಂಪ್ ತಂದೆ. ಖಯಾಲಿ ಅಂದೆನಲ್ಲ!

ಈ ಪುಟ್ಟ ಡಬ್ಬಿಗಳಲ್ಲಿ ಬಹಳಷ್ಟರೊಳಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಚಿಪ್ ಇರುತ್ತದೆ. ಚಿಕ್ಕದರಲ್ಲಿ ಟಿಪಿಎ3116, ದೊಡ್ಡದರಲ್ಲಿ ಟಿಪಿಎ3255. ಎರಡೂ ಕ್ಲಾಸ್ ಡಿ. (ಡಿ ಅಂದರೆ ಡಿಜಿಟಲ್ ಅಲ್ಲ. ಎ, ಬಿ, ಸಿ ಆದಮೇಲೆ ಡಿ, ಅಷ್ಟೇ.) ಒಳಗಿನ ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ಆನ್, ಪೂರ್ತಿ ಆಫ್ ಆಗುತ್ತಿರುತ್ತವೆ. ಅರ್ಧಂಬರ್ಧ ತೆರೆದು ನಿಲ್ಲುವ ಕೆಲಸ ಇಲ್ಲದ್ದರಿಂದ ಬಿಸಿ ಕಡಿಮೆ. ದೊಡ್ಡ ಹೀಟ್‌ಸಿಂಕ್ ಬೇಡ, ಹಾಗಾಗಿಯೇ ಡಬ್ಬಿ ಇಷ್ಟು ಚಿಕ್ಕದು.

ಹೊಸದು ಬಂದ ದಿನ ನನ್ನ ಸಂಭ್ರಮ ನೋಡಬೇಕಿತ್ತು. ಬೇಸ್ ಗಟ್ಟಿಯಾಗಿದೆ, ಹಾಡುವವರ ಉಸಿರು ಕೇಳಿಸ್ತಿದೆ, ಏನೇನೋ ಹೇಳಿದೆ. ಪಕ್ಕದ ರೂಮಿನಿಂದ ತಂಗಿ ಕೂಗಿದಳು: "ಅಣ್ಣಾ, ಸೌಂಡ್ ಜಾಸ್ತಿ ಇಟ್ಟಿದ್ದೀಯ ಅಷ್ಟೇ ಅಲ್ವಾ?"

ಅಷ್ಟೇ ಆಗಿತ್ತು. ಎರಡನೆಯ ಆಂಪ್‌ನ ಗೇನ್, ಅಂದರೆ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು, ಜಾಸ್ತಿ. ನಾಬ್ ಅದೇ ಜಾಗದಲ್ಲಿದ್ದರೂ ಅದು ಜೋರು. ಎರಡರ ಸದ್ದಿನಲ್ಲಿ ಚೂರೇ ಚೂರು ವ್ಯತ್ಯಾಸ ಇದ್ದರೂ ಜೋರಾಗಿರುವುದೇ ಚೆನ್ನಾಗಿದೆ ಅನಿಸುತ್ತದೆ. ನಮ್ಮ ಕಿವಿ ಇರುವುದೇ ಹಾಗೆ.

ಸರಿ, ನ್ಯಾಯವಾಗಿ ಹೋಲಿಸೋಣ ಅಂತ ಒಂದು ಸ್ಪೀಕರ್ ಸೆಲೆಕ್ಟರ್ ಸ್ವಿಚ್ ತಂದೆ. ಎರಡು ಆಂಪ್, ಒಂದು ಜೊತೆ ಸ್ಪೀಕರ್, ನಡುವೆ ಸ್ವಿಚ್. ಆನ್ ಮಾಡಿದೆ. ಟಪ್ ಅಂತ ಸಣ್ಣ ಸದ್ದು. ಆಮೇಲೆ ಎರಡೂ ಮೌನ. ತಪ್ಪು ನನ್ನದೇ. ಈ ಕ್ಲಾಸ್ ಡಿ ಆಂಪ್‌ಗಳಲ್ಲಿ ಬಹುತೇಕ ಎಲ್ಲದರ ಔಟ್‌ಪುಟ್ ಬ್ರಿಡ್ಜ್ ಮಾಡಿದ್ದು. ಅಂದರೆ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಬರುತ್ತಿರುತ್ತದೆ. ನನ್ನ ಸ್ವಿಚ್ ಒಳಗೆ ಎಲ್ಲ ಕಪ್ಪು ವೈರ್‌ಗಳನ್ನೂ ಒಂದೇ ಕಡೆ ಸೇರಿಸಿದ್ದರು. ಪುಣ್ಯಕ್ಕೆ ಚಿಪ್‌ನೊಳಗಿನ ಪ್ರೊಟೆಕ್ಷನ್ ಕೆಲಸ ಮಾಡಿತ್ತು. ಪವರ್ ತೆಗೆದು ಐದು ನಿಮಿಷ ಬಿಟ್ಟು ಹಾಕಿದಾಗ ಎರಡೂ ಎದ್ದು ಕೂತವು. ಎಲ್ಲರಿಗೂ ಅಷ್ಟು ಪುಣ್ಯ ಇರುವುದಿಲ್ಲ. ಎಡ ಬಲದ ಕಪ್ಪು ವೈರ್‌ಗಳನ್ನು ಒಂದಕ್ಕೊಂದು ತಾಗಿಸಬೇಡಿ, ಯಾವುದೇ ಲೋಹದ ಬಾಡಿಗೂ ತಾಗಿಸಬೇಡಿ.

ಆಮೇಲೆ ಹಳೆಯ ದಾರಿ ಹಿಡಿದೆವು. 100 ಹರ್ಟ್ಸ್ ಟೋನ್ ಹಾಕಿ, ಮಲ್ಟಿಮೀಟರ್‌ನಲ್ಲಿ ಎರಡೂ ಆಂಪ್ ಒಂದೇ ವೋಲ್ಟೇಜ್ ತೋರಿಸುವವರೆಗೆ ನಾಬ್ ಹೊಂದಿಸಿದೆ. ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ತಂಗಿ ಪ್ರತಿ ಸಲ ಆಂಪ್ ಆಫ್ ಮಾಡಿ ಬನಾನಾ ಪ್ಲಗ್ ಬದಲಿಸುತ್ತಾ, ಕೆಲವು ಸಲ ಬದಲಿಸಿದಂತೆ ನಾಟಕ ಮಾಡುತ್ತಾ 20 ಸಲ ಕೇಳಿದಳು. 11 ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು.

ಆಗಲೇ ಹೊಳೆದಿದ್ದು, ನನಗೆ ಎಷ್ಟು ವಾಟ್ ಬೇಕು ಅಂತ ನಾನು ಯಾವತ್ತೂ ಅಳೆದೇ ಇಲ್ಲ ಅಂತ. ಅಳೆಯುವುದು ಸುಲಭ. ಹಾಡು ಹಾಕಿ ನೀವು ಅತಿ ಜೋರಾಗಿ ಕೇಳುವ ಮಟ್ಟಕ್ಕೆ ನಾಬ್ ತಿರುಗಿಸಿ. ಹಾಡು ನಿಲ್ಲಿಸಿ, ನಾಬ್ ಮುಟ್ಟದೆ ಆಂಪ್ ಆಫ್ ಮಾಡಿ ಸ್ಪೀಕರ್ ವೈರ್ ಬಿಚ್ಚಿ. ಮತ್ತೆ ಆನ್ ಮಾಡಿ ಫುಲ್ ಲೆವೆಲ್‌ನ 100 ಹರ್ಟ್ಸ್ ಟೋನ್ ಹಾಕಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಚಾನೆಲ್‌ನ ಕೆಂಪು ಕಪ್ಪು ಟರ್ಮಿನಲ್ ನಡುವೆ ಅಳೆಯಿರಿ. ನಾಬ್ ಅಲ್ಲೇ ಇರುವಾಗ ಯಾವ ಹಾಡೂ ಹೆಚ್ಚುಕಮ್ಮಿ ಅದಕ್ಕಿಂತ ಮೇಲೆ ಹೋಗುವುದಿಲ್ಲ. ನನಗೆ ಬಂದಿದ್ದು 7 ವೋಲ್ಟ್. ಏಳೇಳ್ಲಿ ನಲವತ್ತೊಂಬತ್ತು, 8 ಓಮ್‌ನಿಂದ ಭಾಗಿಸಿದರೆ 6 ವಾಟ್. ನನ್ನ ಸ್ಪೀಕರ್ ಅಲ್ಲಲ್ಲಿ 4 ಓಮ್‌ಗೆ ಇಳಿಯುತ್ತದೆ ಅಂದುಕೊಂಡರೂ 12 ವಾಟ್. ಅತಿ ಜೋರಿನ ತುತ್ತತುದಿಯಲ್ಲಿ! 1978ರಲ್ಲಿ ಬಂದ ಎನ್‌ಎಡಿ 3020 ಆಂಪ್‌ಗೆ ಇದ್ದಿದ್ದು ಚಾನೆಲ್‌ಗೆ 20 ವಾಟ್. ಅದನ್ನು ಜನ ಇವತ್ತಿಗೂ ಹೊಗಳುವುದು ಸುಮ್ನೆ ಅಲ್ಲ.

ನಿಮ್ಮ ಲೆಕ್ಕ ಬೇರೆ ಬರಬಹುದು. ಸ್ಪೀಕರ್‌ನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವಾಟ್‌ಗೆ ಅದು ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದನ್ನು (ಡಿಬಿ, ಡೆಸಿಬೆಲ್ ಲೆಕ್ಕದಲ್ಲಿ), ನೋಡಿ. 84 ಡಿಬಿ ಸ್ಪೀಕರ್‌ಗೆ 90 ಡಿಬಿ ಸ್ಪೀಕರ್‌ಗಿಂತ ನಾಲ್ಕು ಪಟ್ಟು ವಾಟ್ ಬೇಕು. ದೂರ ಕೂತು ಕೇಳುವವರಿಗೆ ಇನ್ನೂ ಜಾಸ್ತಿ. ಆದರೆ 50 ವಾಟ್ ಆಂಪ್ ಬಿಟ್ಟು 100 ವಾಟ್ ತಂದರೆ ಸಿಗುವುದು ಬರೀ 3 ಡಿಬಿ. ಸದ್ದು ಎರಡು ಪಟ್ಟು ಆಯಿತು ಅನಿಸಬೇಕಾದರೆ ಸುಮಾರು 10 ಪಟ್ಟು ವಾಟ್ ಬೇಕು.

ಹಾಗಾದರೆ ಮೂರನೆಯದು ಯಾಕೆ? ಎರಡು ದೂರುಗಳಿದ್ದವು. ಒಂದು, ರಾತ್ರಿ ಸಣ್ಣಗೆ ಹಾಡು ಹಾಕಿದರೆ ಎಲ್ಲ ಎಡಗಡೆಗೆ ವಾಲುತ್ತಿತ್ತು. ನಾಬ್ ಚೂರು ಮೇಲೆತ್ತಿದರೆ ನಡುವೆ ಬರುತ್ತಿತ್ತು, ಆದರೆ ಆಗ ಮನೆಯವರಿಗೆ ಎಚ್ಚರ. ಇದು ಅಗ್ಗದ ವಾಲ್ಯೂಮ್ ಪಾಟ್‌ನ (ನಾಬ್ ಹಿಂದಿರುವ ಬಿಡಿಭಾಗ) ಹುಟ್ಟುಗುಣ. ಒಂದೇ ಕಡ್ಡಿಗೆ ಎರಡು ಟ್ರ್ಯಾಕ್, ಶುರುವಿನಲ್ಲಿ ಎರಡೂ ಸಮ ಇರುವುದಿಲ್ಲ. ಇನ್ನೊಂದು, ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿದ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದು. ಚಾರ್ಜರ್ ತೆಗೆದರೆ ಮಾಯ. ಗ್ರೌಂಡ್ ಲೂಪ್, ಅಂದರೆ ಎರಡು ಉಪಕರಣಗಳ ಗ್ರೌಂಡ್ ವೈರ್‌ಗಳ ಮೂಲಕ ಸುತ್ತುವ ಬೇಡದ ಕರೆಂಟ್. ಆಪ್ಟಿಕಲ್ ಕೇಬಲ್‌ನಲ್ಲಿ ಬೆಳಕು ಮಾತ್ರ ಹೋಗುತ್ತದೆ, ಕರೆಂಟ್ ದಾಟುವುದಿಲ್ಲ, ಹಾಗಾಗಿ ಆ ಗುಂಯ್‌ಗೆ ದಾರಿಯೇ ಇಲ್ಲ. ಮೂರನೆಯ ಆಂಪ್ ಆರಿಸುವಾಗ ವಾಟ್ ನೋಡಲೇ ಇಲ್ಲ. ಆಪ್ಟಿಕಲ್ ಇನ್‌ಪುಟ್ ಇದೆಯಾ, ಡಿಜಿಟಲ್ ವಾಲ್ಯೂಮಾ, ಸಬ್‌ವೂಫರ್ ಔಟ್ ಇದೆಯಾ, ಇಷ್ಟೇ ನೋಡಿದೆ.

ಆಂಪ್‌ಗಳ ನಡುವೆ ನಿಜಕ್ಕೂ ಕೇಳಿಸಬಹುದಾದ ವ್ಯತ್ಯಾಸ ಒಂದಿದೆ. ಅಗ್ಗದ ಕ್ಲಾಸ್ ಡಿಯಲ್ಲಿ ಔಟ್‌ಪುಟ್ ಫಿಲ್ಟರ್ (ಆನ್-ಆಫ್ ಗದ್ದಲ ಸೋಸಿ ಹಾಡನ್ನಷ್ಟೇ ಸ್ಪೀಕರ್‌ಗೆ ಬಿಡುವ ಭಾಗ) ಫೀಡ್‌ಬ್ಯಾಕ್‌ನ (ಆಂಪ್ ತನ್ನ ಔಟ್‌ಪುಟ್ ನೋಡಿ ತಪ್ಪು ತಿದ್ದಿಕೊಳ್ಳುವ ವ್ಯವಸ್ಥೆ) ಹೊರಗಿರುತ್ತದೆ. ಹಾಗಾಗಿ ಟ್ರೆಬಲ್ ಎಷ್ಟು ಅನ್ನುವುದು ಸ್ಪೀಕರ್‌ನ ಓಮ್ ಮೇಲೆ ನಿಂತಿರುತ್ತದೆ. ಒಂದು ಸ್ಪೀಕರ್‌ಗೆ ತುದಿ ಎದ್ದರೆ ಇನ್ನೊಂದಕ್ಕೆ ಬೀಳುತ್ತದೆ. ಒಬ್ಬರು "ಡೀಟೇಲ್ ಜಾಸ್ತಿ" ಅಂತ ಹೊಗಳಿದ ಆಂಪ್‌ ಅನ್ನು ಇನ್ನೊಬ್ಬರು ಮಂಕು ಅಂತ ಬೈಯುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಫಿಲ್ಟರ್ ಆದಮೇಲೆ ಫೀಡ್‌ಬ್ಯಾಕ್ ತೆಗೆದುಕೊಳ್ಳುವ ಆಂಪ್‌ಗಳಲ್ಲಿ ಈ ರಗಳೆ ಬಹಳ ಕಡಿಮೆ.

ಆಪ್-ಆಂಪ್ (ಆಂಪ್‌ನೊಳಗೆ ಸಿಗ್ನಲ್ ಹಿಗ್ಗಿಸುವ ಪುಟ್ಟ ಚಿಪ್) ಬದಲಿಸುವ ಹುಚ್ಚೂ ನನಗಿತ್ತು. ಎನ್‌ಇ5532 ಅನ್ನುವ ಆಪ್-ಆಂಪ್ ಕಿತ್ತು ಬೇರೆ ಹಾಕಿದೆ, ಅದನ್ನು ಕಿತ್ತು ಇನ್ನೊಂದು. ಮೂರು ಜೊತೆ ಈಗ ಡ್ರಾಯರ್‌ನಲ್ಲಿವೆ. ನನಗೇನೂ ಕೇಳಿಸಲಿಲ್ಲ. ಅದೇ ವಾರ ಸ್ಪೀಕರ್‌ಗಳನ್ನು ಗೋಡೆಯಿಂದ ಒಂದಡಿ ಮುಂದೆ ತಂದೆ. ಪಕ್ಕದ ರೂಮಿನಿಂದಲೇ ತಂಗಿ, "ಈಗ ಏನು ಮಾಡಿದೆ? ಆ ಬುಂಬುಂ ಕಡಿಮೆಯಾಯ್ತಲ್ಲ" ಅಂದಳು.

ಮೂರನೆಯದರ ಮೇಲೆ ಸದ್ಯಕ್ಕಿರುವ ದೂರು ಒಂದೇ. ಮುಂದಿನ ನೀಲಿ ಎಲ್‌ಇಡಿ ಕತ್ತಲಲ್ಲಿ ಕಣ್ಣಿಗೆ ಚುಚ್ಚುತ್ತದೆ. ಕಪ್ಪು ಟೇಪ್ ಎರಡು ಸುತ್ತು ಅಂಟಿಸಿದ್ದೇನೆ.