ಒಂಬತ್ತು ಗಂಟೆ ದಾರಿಯಂತೆ, ಒಂಬತ್ತು ಗಂಟೆ!

ಈಗ ರಾತ್ರಿ ಎಂಟೂವರೆ. ದೀಪ ಆರಿಸಿಬಿಟ್ಟಿದ್ದಾರೆ. ಎಡಕ್ಕೊಂದು ಗೊರಕೆ, ಬಲಕ್ಕೊಂದು ಗೊರಕೆ. ಹೊದಿಕೆಯೊಳಗೆ ಮೊಬೈಲ್ ಅಡಗಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಮಂಡಿ ನೋಯುತ್ತಿದೆ, ಅದಿರಲಿ. ಮೈಯೆಲ್ಲಾ ಉರಿಯುತ್ತಿದೆ. ಈ 44ನೇ ವಯಸ್ಸಿನಲ್ಲಿ, ಬೂಟು ಬಿಚ್ಚುವ ಮೊದಲೇ, ಹತ್ತು ಜನರ ಎದುರು ಬೈಸಿಕೊಂಡೆ.

ಬೈದವರು ಗುಡಿಸಲಿನ ಯಜಮಾನರು. ಗುಡಿಸಲು ಅಂದರೆ ನಮ್ಮ ಸೋಗೆ ಗುಡಿಸಲಲ್ಲ, ಯಾಮಾಗೋಯಾ, ಜಪಾನಿನಲ್ಲಿ ಬೆಟ್ಟ ಹತ್ತುವವರು ರಾತ್ರಿ ತಂಗುವ ಮನೆ. ಊಟ, ಹಾಸಿಗೆ, ಬಿಯರ್ ಎಲ್ಲಾ ಇದೆ. ಸ್ನಾನ ಒಂದು ಇಲ್ಲ. "ಮೂರಕ್ಕೆ ಬರಬೇಕು, ತಡ ಅಂದರೆ ನಾಲ್ಕು. ಈಗ ಎಷ್ಟು?" ಅಂದರು. ಐದೂ ನಲವತ್ತು.

ತಪ್ಪು ನನ್ನದಲ್ಲ. ಮ್ಯಾಪಿನದು.

ಇಲ್ಲಿನ ಬೆಟ್ಟದ ಮ್ಯಾಪುಗಳಲ್ಲಿ ಕೋರ್ಸ್ ಟೈಮ್ ಅಂತ ಬರೆದಿರುತ್ತಾರೆ. ಈ ಕವಲಿನಿಂದ ಆ ಕವಲಿಗೆ 40 ನಿಮಿಷ, ಅಲ್ಲಿಂದ ತುದಿಗೆ 1 ಗಂಟೆ 10 ನಿಮಿಷ, ಹೀಗೆ. ನಮ್ಮ ತೀರ್ಥಹಳ್ಳಿ ಕಡೆ ದಾರಿ ಕೇಳಿದರೆ "ಇಲ್ಲೇ ಮಾರಾಯ್ತಿ, ಒಂದು ಕೂಗಳತೆ" ಅನ್ನುತ್ತಾರೆ. ಮೂರು ಮೈಲಿ ಇರುತ್ತೆ ಅಂತ ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಯಾರಿಗೂ ಮೋಸ ಇಲ್ಲ. ಆದರೆ 1 ಗಂಟೆ 10 ನಿಮಿಷ ಅಂತ ಅಚ್ಚು ಹಾಕಿಬಿಟ್ಟರೆ ನಂಬದೆ ಏನು ಮಾಡೋದು? ಬರೀ ಒಂದು ಗಂಟೆ ಅಂದಿದ್ದರೆ ಅನುಮಾನ ಪಡುತ್ತಿದ್ದೆ. ಆ ಹತ್ತು ನಿಮಿಷವೇ ನನ್ನನ್ನು ಕೆಡಿಸಿದ್ದು.

ಇವತ್ತಿನ ದಾರಿ ಜಪಾನಿನ ಉತ್ತರ ಆಲ್ಪ್ಸ್ ಬೆಟ್ಟಸಾಲಿನ ಓಮೋತೆ ಗಿಂಜಾ. ತ್ಸುಬಾಕುರೊ ಬೆಟ್ಟದ ಹತ್ತಿರದಿಂದ ಏಣು, ಅಂದರೆ ಬೆಟ್ಟದ ಬೆನ್ನು, ಹಿಡಿದು ಯಾರಿಗತಾಕೆ ಬೆಟ್ಟದವರೆಗೆ. ಯಾರಿ ಅಂದರೆ ಈಟಿ. 3,180 ಮೀಟರ್. ಗಿಂಜಾ ಅಂದರೆ ಟೋಕಿಯೊದ ಶೋಕಿ ಪೇಟೆ. ಅಷ್ಟು ಜನ ಓಡಾಡುತ್ತಾರೆ ಅಂತ ದಾರಿಗೆ ಆ ಹೆಸರು. ಪೇಟೆ ಬೀದಿ ತಾನೇ ಅಂದುಕೊಂಡೆ. ಮ್ಯಾಪು 9 ಗಂಟೆ ಅಂದಿತು. ಬೆಳಿಗ್ಗೆ ಐದೂಕಾಲಿಗೆ ಹೊರಟೆ. ಎರಡೂಕಾಲಿಗೆ ಕಾಲು ಚಾಚಿ ಕೂತಿರುತ್ತೇನೆ ಅಂತ ಲೆಕ್ಕ.

ಬೆಳಿಗ್ಗೆ ಏನು ಚೆಂದ ಅಂತೀರಿ! ಬಿಳಿ ಮರಳು, ಅದರಲ್ಲೇ ಗುಲಾಬಿ ಬಣ್ಣದ ಕೊಮಾಕುಸಾ ಹೂವು. ರಾಯ್‌ಚೋ ಹಕ್ಕಿ ಮರಿಗಳನ್ನು ಕಟ್ಟಿಕೊಂಡು ದಾರಿ ದಾಟಿತು. ನಿಂತು ನೋಡಿದೆ. ಅದಕ್ಕೆ ಮ್ಯಾಪಿನಲ್ಲಿ ನಿಮಿಷ ಇಲ್ಲ. ಈ ದಾರಿ ಕಡಿದ ಕೊಬಯಾಶಿ ಕಿಸಾಕು ಅನ್ನುವ ಬೇಟೆಗಾರನ ಮುಖವನ್ನು ಬಂಡೆಯಲ್ಲಿ ಕೂರಿಸಿದ್ದಾರೆ. ನಮಸ್ಕಾರ ಹಾಕಿದೆ. ಅದಕ್ಕೂ ಇಲ್ಲ. ಎದುರು ಬಂದವರಿಗೆಲ್ಲಾ "ಕೊನ್ನಿಚಿವಾ" ಅನ್ನಬೇಕು. ಉಸಿರೇ ಇಲ್ಲದವಳು ಕೊನ್ನಿಚಿವಾ ಎಲ್ಲಿಂದ ತರಲಿ? ಅದಕ್ಕೂ ಇಲ್ಲ.

ಆಮೇಲೆ ನಿಶಿದಾಕೆ ಬೆಟ್ಟದಿಂದ ಇಳಿತ. ಕಬ್ಬಿಣದ ಏಣಿ, ಸರಪಳಿ, ಮತ್ತೆ ಏಣಿ. ಮಿಝುಮಾತಾ ಕಣಿವೆಬಾಯಿಗೆ ಬಂದಾಗ 2,500 ಮೀಟರಿಗೂ ಕೆಳಗೆ. (ಅದೂ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರವೇ, ಆದರೆ ಆಗ ಆ ಸಮಾಧಾನ ಹೊಳೆಯಲಿಲ್ಲ.) ಅಲ್ಲಿಂದ ಮತ್ತೆ 600 ಮೀಟರ್ ಹತ್ತಬೇಕು. ಈಟಿ ಬೆಳಿಗ್ಗೆಯಿಂದ ಎದುರಿಗೇ ಇದೆ. ಹತ್ತಿರ ಮಾತ್ರ ಬರಲ್ಲ.

ಆಫೀಸಿನ ಗೆಳತಿ ಆಗಲೇ ಮೆಸೇಜ್ ಹಾಕಿದ್ದಾಳೆ. ಕೋರ್ಸ್ ಟೈಮಿನಲ್ಲಿ ವಿಶ್ರಾಂತಿ ಸೇರಿಲ್ಲವಂತೆ, ಮ್ಯಾಪಿನಲ್ಲೇ ಬರೆದಿದೆಯಂತೆ. 40ರಿಂದ 60 ವಯಸ್ಸಿನ, ಬೆಟ್ಟ ಹತ್ತಿ ಗೊತ್ತಿರುವವರ ಲೆಕ್ಕವಂತೆ. ಸರಿ, ನನಗೆ 44. ಕೊಡಚಾದ್ರಿಯನ್ನು ಬರಿಗಾಲಲ್ಲಿ ಹತ್ತಿದವಳು. ಮತ್ತೆ? ವಿಶ್ರಾಂತಿಯಿಲ್ಲದೆ 9 ಗಂಟೆ ನಡೆಯುವವರು ಯಾವ ಊರಿನವರು? ನೀರು ಕುಡಿಯಲ್ವಾ? ಬೂಟಿನ ದಾರ ಬಿಚ್ಚಲ್ವಾ? ಇವಳ ಮಾತನ್ನು ನಾನು ತಲೆಗೆ ಹಾಕಿಕೊಳ್ಳಲ್ಲ.

ಯಜಮಾನರದ್ದೂ ಒಂದು ನ್ಯಾಯ ಇದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಇಲ್ಲಿ ಗುಡುಗು ಸಿಡಿಲು. ಆ ಹೊತ್ತಿಗೆ ಬೋಳು ಏಣಿನ ಮೇಲೆ ಕಬ್ಬಿಣದ ಏಣಿ ತಬ್ಬಿಕೊಂಡು ಯಾರು ನಿಂತಿರಬೇಕು? ಒಪ್ಪಿದೆ ಸ್ವಾಮಿ. ಅದನ್ನು ಮ್ಯಾಪಿಗೆ ಹೇಳಿ. ಆಮೇಲೆ ಅವರೇ ಬಿಸಿ ಅನ್ನ ತಂದಿಟ್ಟರು. ನಾನು ಅದೇ ಕೋಪದಲ್ಲಿ, ಚಟ್ನಿಪುಡಿ ಹಾಕಿಕೊಂಡು, ಮೂರು ಬಟ್ಟಲು ತಿಂದೆ.

ಕತ್ತಲಲ್ಲಿ ಒಂದು ನಿಜ ಹೇಳಿಬಿಡುತ್ತೇನೆ. ನಿಶಿದಾಕೆ ದಾಟುವಾಗಲೇ ಮಧ್ಯಾಹ್ನ ಒಂದು ಗಂಟೆ ಆಗಿತ್ತು. ಅಲ್ಲೂ ಗುಡಿಸಲಿತ್ತು. ಮ್ಯಾಪಿನ ಪ್ರಕಾರವೇ ಇನ್ನೂ ನಾಲ್ಕು ಗಂಟೆ ದಾರಿ. ಒಂದಕ್ಕೆ ನಾಲ್ಕು ಕೂಡಿಸೋದು ನನಗೂ ಬರುತ್ತೆ. ಕೂಡಿಸಲಿಲ್ಲ. ಮಲೆನಾಡಿನವಳು ಅನ್ನೋ ಜಂಬ. ಎರಡೂಕಾಲಿಗೆ ಆ ಕಣಿವೆಬಾಯಿಯಲ್ಲಿ ಕಲ್ಲಿನ ಮೇಲೆ ಕೂತು ಅತ್ತೆ. ಮೊಬೈಲ್ ತೆಗೆದರೆ ಸಿಗ್ನಲ್ ಇತ್ತು. ನಮ್ಮನೆಯವರಿಗೆ "ಆರಾಮಾಗಿ ತಲುಪಿದೆ" ಅಂತ ಮೆಸೇಜ್ ಹಾಕಿದೆ, ಜೊತೆಗೊಂದು ನಗುವ ಮುಖ.

ರೀ, ಇದನ್ನು ಓದುತ್ತಿದ್ದರೆ ಕಾಮೆಂಟಿನಲ್ಲಿ ಬೈಬೇಡಿ. ಇವತ್ತಿನ ಪಾಲಿನ ಬೈಗುಳ ಆಗಿದೆ. ನಾಳೆ ಕಾಮಿಕೋಚಿ ಕಣಿವೆಗೆ ಸುಮಾರು 20 ಕಿ.ಮೀ. ಇಳಿಯಬೇಕು. ಮ್ಯಾಪು ಎಷ್ಟು ಹೇಳುತ್ತೆ ಅಂತ ನೋಡಿಲ್ಲ. ನಾಲ್ಕಕ್ಕೆ ಅಲಾರಂ ಇಟ್ಟಿದ್ದೇನೆ, ವೈಬ್ರೇಟ್‌ನಲ್ಲಿ.