ಕೀವು ಎಂದರೆ ಕೆಟ್ಟ ರಕ್ತವಲ್ಲ

ಬದಿಯಡ್ಕ, ಪೆರ್ಲ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಕೀವು ಅಂದರೆ ಕೆಟ್ಟ ರಕ್ತ. ಗಾಯ ಬಾತ ಕೂಡಲೇ ಹಿಂಡಿ ತೆಗೆಯಿರಿ." ಇದು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

ತೋಟದಲ್ಲಿ ನಿಂಬೆ ಮುಳ್ಳು ಬೆರಳಿಗೆ ಚುಚ್ಚಿತು ಅಂದುಕೊಳ್ಳಿ. ಸ್ವಲ್ಪ ಹೊತ್ತಿಗೆ ಆ ಜಾಗ ಕೆಂಪಗಾಗಿ, ಬಿಸಿಯಾಗಿ ಮಿಡಿಯುತ್ತದೆ ಅಲ್ವಾ? ಅಲ್ಲಿ ಮೊದಲೇ ಕಾವಲಿರುವ ಮ್ಯಾಕ್ರೋಫೇಜ್ ಎಂಬ ಕೋಶಗಳು ರೋಗಾಣುವನ್ನು ಗುರುತಿಸಿ ಇಂಟರ್‌ಲ್ಯೂಕಿನ್-8ರಂಥ ರಾಸಾಯನಿಕಗಳನ್ನು ಬಿಡುತ್ತವೆ. ಇದೇ ಕರೆ. ಹತ್ತಿರದ ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ. ರಕ್ತದಲ್ಲಿ ಹರಿದು ಹೋಗುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿ ಉರುಳುತ್ತಾ ನಿಧಾನವಾಗುತ್ತವೆ. ಗೋಡೆಗೆ ಕಚ್ಚಿಕೊಂಡು, ಸಂದಿಯಲ್ಲಿ ನುಸುಳಿ ಹೊರಬರುತ್ತವೆ. ಆಮೇಲೆ ರಾಸಾಯನಿಕ ಎಲ್ಲಿ ಜಾಸ್ತಿಯೋ ಅತ್ತ ನಡೆಯುತ್ತವೆ, ಹಲಸಿನ ಹಣ್ಣಿನ ಪರಿಮಳ ಹಿಡಿದು ಮಕ್ಕಳು ಅದನ್ನು ಹುಡುಕುವ ಹಾಗೆ. ರೋಗಾಣುಗಳನ್ನು ನುಂಗಿ ಅಲ್ಲೇ ಸಾಯುತ್ತವೆ. ಕೀವಿನಲ್ಲಿ ಹೆಚ್ಚಿನದು ಈ ಸತ್ತ ಕಣಗಳೇ.

1882ರಲ್ಲಿ ರಷ್ಯಾದ ಜೀವವಿಜ್ಞಾನಿ ಇಲ್ಯಾ ಮೆಚ್ನಿಕೋಫ್ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಕೋಶಗಳು ಅದರ ಸುತ್ತ ಸೇರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. 1908ರಲ್ಲಿ ಅವರಿಗೆ ನೊಬೆಲ್ ಬಂತು. ನನಗಂತೂ ಈ ಪ್ರಯೋಗ ತುಂಬ ಇಷ್ಟ.

ಸುಮ್ನೆ ಹಿಂಡಿದರೆ ಸೋಂಕು ಇನ್ನೂ ಒಳಕ್ಕೆ ಹೋಗಬಹುದು. ಸೋಪು ಹಾಕಿ ತೊಳೆಯಿರಿ. ಬಾವು ಹಬ್ಬಿದರೆ, ಜ್ವರ ಬಂದರೆ, ಕೆಂಪು ಗೆರೆ ಮೇಲೇರಿದರೆ ಅದೇ ದಿನ ಡಾಕ್ಟರಲ್ಲಿಗೆ ಹೋಗಿ. ಕೀವು ತೆಗೆಯಬೇಕಿದ್ದರೆ ಅವರೇ ಶುದ್ಧವಾಗಿ ತೆಗೆಯುತ್ತಾರೆ. ಸಕ್ಕರೆ ಕಾಯಿಲೆ ಇದ್ದವರು ಕಾಯಲೇಬೇಡಿ.