ಬಿಡ್ತು ಅನ್ನು!

ನಮ್ಮ ದಾವಣಗೆರೆಯಲ್ಲಿ ಮಗು ಹುಟ್ಟಿದರೆ ಉಡುದಾರ, ಬಜೆ, ತೊಟ್ಟಿಲು ಎಲ್ಲದಕ್ಕೂ ಓಡಾಡಲು ಜನ ಇದ್ದಾರೆ. ಕಾಗದಪತ್ರ ಅಂದರೆ ಮಾತ್ರ ‘ಅದಕ್ಕೇನು ಅವಸರ’ ಅಂತಾರೆ.

ಜನನ ಪ್ರಮಾಣಪತ್ರಕ್ಕೆ ಅವಸರ ಇದೆ. 21 ದಿನದೊಳಗೆ ನೋಂದಣಿ ಆಗಬೇಕು. ಅದನ್ನು ಆಸ್ಪತ್ರೆಯವರೇ ಮಾಡಿಸಿದ್ದರು, ಹೆಸರಿನ ಜಾಗ ಮಾತ್ರ ಖಾಲಿ. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ದುಡ್ಡಿಲ್ಲ ಅಂತ ಗೊತ್ತಾಗಿದ್ದೇ ತಡ, ವರ್ಷವಿಡೀ ಜಗಳ ಆಡಲು ಪರವಾನಗಿ ಸಿಕ್ಕಂತಾಯಿತು. ಮಗಳದು ಆಶ್ಲೇಷಾ ನಕ್ಷತ್ರ. ಡಿ, ಡು, ಡೆ, ಡೊ ಅಂತ ಬರೆದುಕೊಟ್ಟರು. ಇಡೀ ಮನೆ ತಲೆ ಕೆರೆದುಕೊಂಡರೂ ಹೊಳೆದದ್ದು ಡಬ್ಬಿ, ಡೊಳ್ಳು, ಡೊಂಕು. ಕೊನೆಗೆ ‘ಡ’ ಜಾತಕಕ್ಕೆ ಹೋಯಿತು, ಹೆಂಡತಿ ಆರಿಸಿದ ಹೆಸರು ಪ್ರಮಾಣಪತ್ರಕ್ಕೆ ಬಂತು.

ಬಾಲ ಆಧಾರ್ ಸಲೀಸು. ಐದು ವರ್ಷದ ತನಕ ಬೆರಳಚ್ಚು ಬೇಡ, ಫೋಟೊ ಸಾಕು. ನಮ್ಮ ಮಗಳು ಆಕಳಿಸುತ್ತಿರುವ ಫೋಟೊ ನೀಲಿ ಕಾರ್ಡಿನ ಮೇಲೆ ಕಾಯಂ ಆಗಿದೆ.

ನಿಜವಾದ ರಾಮಾಯಣ ಶುರುವಾಗಿದ್ದು ಒಂದು ಭಾನುವಾರ. ಬೆಣ್ಣೆ ದೋಸೆ ಪಾರ್ಸೆಲ್ ಬಿಚ್ಚುತ್ತಾ ಹೆಂಡತಿ, ‘ರೀ, ನಾವೂ ಒಂದು ವಿಲ್ ಬರೆದಿಡೋಣ’ ಅಂದಳು.

‘ಬಿಡ್ತು ಅನ್ನು!’ ಅವ್ವ ಅಡುಗೆಮನೆಯಿಂದಲೇ ಕೂಗಿದರು. ‘ಕೂಸಿಗೆ ಇನ್ನೂ ಹಲ್ಲು ಬಂದಿಲ್ಲ, ಆಗಲೇ ಸಾಯೋ ಮಾತಾ?’

ಹೆಂಡತಿಯ ದೊಡ್ಡಪ್ಪನ ಮಗ ವಕೀಲ. ಅವನೂ ದೋಸೆಗೆ ಬಂದಿದ್ದ. ‘ವಿಲ್ ಇಲ್ದಿದ್ರೂ ಪರವಾಗಿಲ್ಲ ಅತ್ತೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇದೆ. ಭಾವ ಸಂಪಾದಿಸಿದ್ದು ಹೆಂಡ್ತಿ, ಮಗಳು, ತಾಯಿ, ಮೂವರಿಗೂ ಸಮ ಪಾಲು’ ಅಂದ.

‘ತಂದೆಗೆ?’ ಅಂದರು ಅಪ್ಪಾಜಿ.

‘ನೀವು ಎರಡನೇ ವರ್ಗದ ವಾರಸುದಾರರು. ಮೊದಲನೇ ವರ್ಗದೋರು ಇದ್ರೆ ನಿಮಗೆ ಏನೂ ಇಲ್ಲ.’

ಅಪ್ಪಾಜಿ ಬಾಯಿಗೆ ಹೋಗುತ್ತಿದ್ದ ತುತ್ತನ್ನು ಎಲೆಯಲ್ಲೇ ಇಟ್ಟರು. ಅವ್ವ ಚಟ್ನಿ ಹಿಡಿದು ಹೊರಗೆ ಬಂದರು. ಈಗ ಅವರ ಮುಖದಲ್ಲಿ ಏನೋ ಕಳೆ. ‘ಕಾಯ್ದೆ ಚೆನ್ನಾಗೇ ಐತಲ್ಲ, ಮತ್ಯಾಕೆ ವಿಲ್ಲು?’ ಅಂದರು. ‘ವಿಲ್ ಬರೀಲೇಬೇಕು’ ಅಂದರು ಅಪ್ಪಾಜಿ. ಹಂಚಲು ಇದ್ದದ್ದು ಒಂದು ಸೈಟು, ಅದರ ಮೇಲಿನ ಸಾಲ, ಒಂದು ಬೈಕು. ಯಾರೂ ಸಾಲದಲ್ಲಿ ಪಾಲು ಕೇಳಲಿಲ್ಲ, ನೋಡಿ.

ಹೆಂಡತಿಯ ಚಿಂತೆ ಆಸ್ತಿಯದ್ದಲ್ಲ. ನಮ್ಮಿಬ್ಬರಿಗೂ ಏನಾದರೂ ಆದರೆ ಮಗಳನ್ನು ನೋಡಿಕೊಳ್ಳುವವರು ಯಾರು? ಆ ಗಾರ್ಡಿಯನ್ ಹೆಸರನ್ನು ವಿಲ್‌ನಲ್ಲೇ ಬರೆಯಬಹುದು. ನಾನು ನನ್ನ ಅಕ್ಕನ ಹೆಸರು ಹೇಳಿದೆ, ಅವಳು ತನ್ನ ತಮ್ಮನ ಹೆಸರು ಹೇಳಿದಳು. ಅವನಿಗೆ ಫೋನ್ ಮಾಡಿದಾಗ, ‘ಸೋದರಮಾವ ಅಂದ್ಮೇಲೆ ನಂದೇ ಜವಾಬ್ದಾರಿ ಅಲ್ವಾ!’ ಅಂತ ಎದೆ ತಟ್ಟಿಕೊಂಡ. ಎರಡು ನಿಮಿಷದಲ್ಲಿ ವಾಪಸ್ ಫೋನ್. ‘ಸ್ಕೂಲ್ ಫೀಸೂ ಸೇರಿ ಏನಕ್ಕಾ?’ ಅಕ್ಕನ ಹೆಸರೇ ಗಟ್ಟಿಯಾಯಿತು.

ಸಹಿಯ ದಿನ ಇಬ್ಬರು ಸಾಕ್ಷಿ ಬೇಕಿತ್ತು. ಪಕ್ಕದ ಮನೆಯವರನ್ನೂ ಎದುರು ಮನೆಯ ಮೇಷ್ಟ್ರನ್ನೂ ಕರೆದೆವು. ಕರೆದ ಮೇಲೆ ಸುಮ್ನೆ ಕಳಿಸಲಾಗುತ್ತದೆಯೇ? ಮಂಡಕ್ಕಿ, ಮಿರ್ಚಿ ಬಂತು. ಮೇಷ್ಟ್ರು ಹಾಳೆ ತಿರುಗಿಸಿ, ‘ಬಾಂಡ್ ಪೇಪರ್ ಎಲ್ರೀ?’ ಅಂದರು. ವಿಲ್‌ಗೆ ಬಿಳಿ ಹಾಳೆ ಸಾಕು, ನೋಂದಣಿಯೂ ಕಡ್ಡಾಯವಲ್ಲ ಅಂದ ವಕೀಲ. ಮೇಷ್ಟ್ರಿಗೆ ಸಮಾಧಾನವಿಲ್ಲ. ಒಳಗೇನಿದೆ ಅಂತ ಓದದೆ ಸಹಿ ಹಾಕಲ್ಲ ಅಂದರು. ಸಾಕ್ಷಿಗೆ ಒಳಗಿನ ವಿಷಯ ಗೊತ್ತಿರಬೇಕಿಲ್ಲ, ನಾವು ಸಹಿ ಹಾಕಿದ್ದನ್ನು ನೋಡಿದರೆ ಸಾಕು ಅಂದರೂ ಕೇಳಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಮಿರ್ಚಿ ಹಿಡಿದ ಕೈಯಲ್ಲೇ ಹಾಳೆ ಎಳೆದುಕೊಂಡರು. ಸರಿಯಾಗಿ ಸಹಿಯ ಜಾಗಕ್ಕೇ ಎಣ್ಣೆ ಕೂತು, ಪೆನ್ನು ಜಾರಿತು. ಇಡೀ ಪುಟ ಮತ್ತೆ ಪ್ರಿಂಟ್ ತೆಗೆಸಿ, ಎಲ್ಲರ ಕೈ ತೊಳೆಸಿ ಸಹಿ ಹಾಕಿಸಿದೆವು.

ಕೆಲಸ ಮುಗಿಯಿತು ಅನ್ನುವಾಗ ಹೆಂಡತಿ ಅಪ್ಪಾಜಿಯ ಎಫ್‌ಡಿ ರಸೀದಿ ತೆಗೆದಳು. ನಾಮಿನಿ ಯಾರು? ತೀರಿಕೊಂಡು ಎಷ್ಟೋ ವರ್ಷವಾದ ನಮ್ಮಜ್ಜಿ. ನಾಮಿನಿ ಅಂದರೆ ದುಡ್ಡಿನ ಮಾಲೀಕರಲ್ಲ, ವಾರಸುದಾರರ ಪರವಾಗಿ ತೆಗೆದುಕೊಳ್ಳುವವರು ಅಷ್ಟೇ ಅಂತ ವಕೀಲ ಎಷ್ಟು ಹೇಳಿದರೂ ಅವ್ವ ಮೂತಿ ಊದಿಸಿಕೊಂಡು ಕೂತರು.

‘ನಾಳೆನೇ ಬದಲಾಯಿಸ್ತೀನಿ ಬಿಡು’ ಅಂದರು ಅಪ್ಪಾಜಿ. ‘2025ರ ನವೆಂಬರ್‌ನಿಂದ ನಾಲ್ಕು ನಾಮಿನಿ ಹಾಕಬಹುದಂತೆ.’

‘ನಾನೊಬ್ಳು’ ಅಂದರು ಅವ್ವ. ‘ಮಿಕ್ಕ ಮೂವರು ಯಾರು?’